ಇಂದಿನ ಧಮ್ಮ ಚಿಂತನೆ: ಕಲ್ಯಾಣ ಮಿತ್ರರು



ಒಳ್ಳೆಯ ಗೆಳೆತನವೆಂದರೆ ಧಮ್ಮಜೀವನದ ಅರ್ಧ ಎಂದು ಭಂತೆ ಆನಂದರು ಹೇಳಿದಾಗ ಭಗವಾನ್ ಬುದ್ಧರು ತಿದ್ದಿದರು: ಅರ್ಧವಲ್ಲ ಆನಂದ, ಪೂರ್ತಿ. ಇದು ಸಂಯುತ್ತ ನಿಕಾಯದ ಉಪಡ್ಢ ಸುತ್ತದಲ್ಲಿದೆ.

1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬರೋಡಕ್ಕೆ ಕೆಲಸಕ್ಕೆ ಬಂದರು. ಉಳಿಯಲು ಜಾಗ ಸಿಗದೆ, ಹೆಸರು ಮರೆಸಿ ಪಾರ್ಸಿ ವಸತಿಗೃಹ ಸೇರಿದರು. ಅಲ್ಲಿ ಮಾತಿಗೆ ಒಬ್ಬರೂ ಇಲ್ಲ. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಇಬ್ಬರು ಗೆಳೆಯರೂ ನೆಪ ಹೇಳಿ ಕೈಬಿಟ್ಟರು. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಜಾತಿ ನಮ್ಮ ಜೊತೆಗಾರರನ್ನೂ ಕಸಿಯುತ್ತದೆ.

ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ ‘ಒಡಲಾಳ’ ಓದಿ. ಸಾಕವ್ವನ ಮನೆಯಲ್ಲಿ ಹಸಿವಿದೆ, ಜಗಳವಿದೆ. ಆದರೂ ರಾತ್ರಿ ಬೆಂಕಿಯ ಸುತ್ತ ಕೂತು ಎಲ್ಲರೂ ಕಡಲೆಕಾಯಿ ತಿನ್ನುವಾಗ ಆ ಮನೆಯಲ್ಲಿ ಯಾರೂ ಒಂಟಿಯಲ್ಲ.

ಇವತ್ತಿಗೂ ಬಾಡಿಗೆ ಕೋಣೆ ಕೇಳಲು ಹೋಗಿ, ಜಾತಿ ಹೇಳಿ ವಾಪಸ್ಸು ಬರುವ ಮಕ್ಕಳು ನಮ್ಮಲ್ಲಿದ್ದಾರೆ. ಮನೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ.

ಇಂದಿನ ಅಭ್ಯಾಸ: ನಂಜನಗೂಡು, ಟಿ. ನರಸೀಪುರದ ಉಪಾಸಕ ಉಪಾಸಿಕೆಯರೇ, ಅಂಥ ಒಬ್ಬರಿಗೆ ಫೋನ್ ಮಾಡಿ. ಬುದ್ಧಿವಾದ ಬೇಡ, ಕೇಳಿಸಿಕೊಳ್ಳಿ. ಭಾನುವಾರ ಊಟಕ್ಕೆ ಕರೆಯಿರಿ.

ಭವತು ಸಬ್ಬ ಮಂಗಲಂ.