ಎಳೆಯ ಮಗುವಿನ ಕೈಗೆ ಸ್ಪರ್ಶಪರದೆ: ಕೊಡುವ ಮುನ್ನ ಯೋಚಿಸಬೇಕಾದುದು

ಮಗು ಊಟ ಬೇಡವೆಂದು ಹಟ ಹಿಡಿದಾಗ, ರೈಲು ಪ್ರಯಾಣದಲ್ಲಿ ಅಳಲಾರಂಭಿಸಿದಾಗ, ಕೆಲಸದಿಂದ ದಣಿದು ಬಂದ ತಾಯಿ ಅಡುಗೆಗೆ ನಿಂತಾಗ, ಅನೇಕ ಮನೆಗಳಲ್ಲಿ ಮೊಬೈಲ್ ಫೋನು ಅಥವಾ ಟ್ಯಾಬ್ಲೆಟ್ ಮಗುವಿನ ಕೈ ಸೇರುತ್ತದೆ. ಬೆರಳು ಮುಟ್ಟಿದೊಡನೆ ಚಿತ್ರ ಚಲಿಸುತ್ತದೆ, ಹಾಡು ಕೇಳಿಸುತ್ತದೆ, ಮಗು ಸುಮ್ಮನಾಗುತ್ತದೆ. ಅಕ್ಷರ ಬಾರದ ಎರಡು ವರ್ಷದ ಮಗುವೂ ಇದನ್ನು ಬಳಸಬಲ್ಲುದು. ಆದುದರಿಂದಲೇ ಇದನ್ನು ಯಾವಾಗ, ಎಷ್ಟು ಹೊತ್ತು, ಯಾವ ಉದ್ದೇಶಕ್ಕೆ ಕೊಡಬೇಕೆಂಬುದನ್ನು ಹಿರಿಯರು ಮೊದಲೇ ನಿರ್ಧರಿಸಬೇಕಾಗುತ್ತದೆ.

ವಯಸ್ಸಿಗೆ ತಕ್ಕ ಮಿತಿ

ವಿಶ್ವ ಆರೋಗ್ಯ ಸಂಸ್ಥೆಯು ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ ಮತ್ತು ನಿದ್ರೆಯ ಬಗ್ಗೆ 2019ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅದರ ಪ್ರಕಾರ ಒಂದು ವರ್ಷ ತುಂಬದ ಶಿಶುಗಳಿಗೆ ಪರದೆಯ ವೀಕ್ಷಣೆ ಸಲ್ಲದು. ಒಂದು ವರ್ಷ ತುಂಬಿ ಎರಡು ತುಂಬದ ಮಕ್ಕಳಿಗೂ ಕುಳಿತು ಪರದೆ ನೋಡುವುದು ಸೂಕ್ತವಲ್ಲ. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಇನ್ನೂ ಕಡಿಮೆಯಾದರೆ ಒಳಿತು. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷಗಳಾದರೂ ಓಡಾಡಿ ಆಡಬೇಕು. 3-4 ವರ್ಷದ ಮಗುವಿಗೆ 10ರಿಂದ 13 ಗಂಟೆಗಳ ನಿದ್ರೆ ಬೇಕು. ಪರದೆಗೆ ವ್ಯಯವಾಗುವ ಸಮಯವು ಈ ಆಟ ಮತ್ತು ನಿದ್ರೆಗಳಿಂದಲೇ ಕಡಿತವಾಗುತ್ತದೆಂಬುದು ಗಮನಾರ್ಹ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಬಹುಮಟ್ಟಿಗೆ ಇದೇ ಆಗಿದೆ. ಆದರೆ ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ನಡೆಸುವ ವಿಡಿಯೋ ಕರೆಗೆ ಅದು ಎರಡು ವರ್ಷದೊಳಗಿನ ಮಕ್ಕಳಿಗೂ ವಿನಾಯಿತಿ ನೀಡಿದೆ.

ಮಾತು ಕಲಿಯುವ ಬಗೆ

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಶಿಶುಗಳಿಗೆ 12 ಬಾರಿ ಚೀನೀ ಮ್ಯಾಂಡರಿನ್ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಬಲ್ಲವಾದವು. ಅದೇ ಮಾತುಗಳನ್ನು ಪರದೆಯ ಮೇಲೆ ನೋಡಿ ಕೇಳಿದ ಶಿಶುಗಳು ಅದನ್ನು ಕಲಿಯಲಿಲ್ಲ. ಮಗು ನಗುವಾಗ ನಗುವ, ಅದು ಬೆರಳು ತೋರಿದತ್ತ ನೋಡುವ ಮನುಷ್ಯರಿಂದ ಶಿಶುಗಳು ಭಾಷೆಯನ್ನು ಕಲಿಯುತ್ತವೆ ಎಂಬುದನ್ನು ಇದು ಸೂಚಿಸುತ್ತದೆ.

ಹೊರನಾಡಿನ ಕನ್ನಡ ಕುಟುಂಬಗಳಿಗೆ ಇದರಲ್ಲಿ ವಿಶೇಷ ಪಾಠವಿದೆ. ಮುಂಬಯಿ, ಪುಣೆ ಅಥವಾ ದೆಹಲಿಯಲ್ಲಿ ಬೆಳೆಯುವ ಮಗುವಿಗೆ ಬೀದಿಯಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ತಾನಾಗಿಯೇ ದೊರೆಯುತ್ತವೆ. ಕನ್ನಡ ದೊರೆಯುವುದು ಮನೆಯೊಳಗೆ ಮಾತ್ರ. ಉಣಿಸುವಾಗ, ಸ್ನಾನ ಮಾಡಿಸುವಾಗ, ಮಲಗಿಸುವಾಗ ಆಡುವ ಮಾತೇ ಅದರ ಕನ್ನಡ ಪಾಠ. ಆ ಹೊತ್ತನ್ನು ಅನ್ಯಭಾಷೆಯ ಚಿತ್ರಗಳಿಗೆ ಬಿಟ್ಟುಕೊಟ್ಟರೆ ಮುಂದೆ ಮಗು ಅಜ್ಜಿಯ ಮಾತನ್ನು ಅರ್ಥಮಾಡಿಕೊಂಡರೂ ಉತ್ತರಿಸಲಾರದೆ ಹೋಗಬಹುದು. ಇದೇ ಫೋನು ಧಾರವಾಡದಲ್ಲಿರುವ ಅಜ್ಜಿಯ ಮುಖವನ್ನು ತೋರಿಸಿ, ಮಗುವನ್ನು ಹೆಸರು ಹಿಡಿದು ಕೂಗಿಸಿ, ಕತೆ ಹೇಳಿಸಲೂ ಬಲ್ಲುದು. ಆದುದರಿಂದ ಉಪಕರಣಕ್ಕಿಂತ ಅದರ ಬಳಕೆಯ ರೀತಿಯೇ ಮುಖ್ಯ.

ಊಟ, ನಿದ್ರೆ, ಕಣ್ಣು

ಪರದೆ ನೋಡುತ್ತ ಉಣ್ಣುವ ಮಗು ಹಸಿವನ್ನೂ ತೃಪ್ತಿಯನ್ನೂ ಗಮನಿಸುವುದಿಲ್ಲ. ರಾತ್ರಿಯ ವೇಳೆ ಕಣ್ಣಿಗೆ ಬೀಳುವ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಹೊರಗೆ ಹಗಲು ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಉಂಟಾಗುವ ಸಂಭವ ಕಡಿಮೆ.

ಮನೆಯಲ್ಲಿ ಪಾಲಿಸಬಹುದಾದ ಕ್ರಮಗಳು

1. ಎರಡು ವರ್ಷ ತುಂಬುವವರೆಗೆ ಬಂಧುಗಳೊಡನೆ ಮಾತನಾಡಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಪರದೆಯನ್ನು ಕೊಡಬಾರದು.
2. ಅನಂತರ ಕೊಡುವುದಾದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, ಕಂಡುದನ್ನು ಕನ್ನಡದಲ್ಲಿ ವಿವರಿಸಬೇಕು.
3. ಊಟದ ವೇಳೆ ಹಾಗೂ ಮಲಗುವ ಒಂದು ಗಂಟೆ ಮೊದಲು ಪರದೆಯನ್ನು ದೂರವಿಡಬೇಕು.
4. ಒಂದಾದ ಮೇಲೊಂದು ಚಿತ್ರ ತಾನಾಗಿ ಆರಂಭವಾಗುವ ವ್ಯವಸ್ಥೆಯನ್ನು ನಿಲ್ಲಿಸಿಡಬೇಕು.
5. ಅಳುವನ್ನು ನಿಲ್ಲಿಸಲು ಪ್ರತಿಬಾರಿಯೂ ಫೋನು ಕೊಡುವ ರೂಢಿ ಸಲ್ಲದು. ಅಡುಗೆಯ ಹೊತ್ತಿನಲ್ಲಿ ಮಗುವಿಗೆ ಪಾತ್ರೆ, ಲೋಟ, ಸೌಟುಗಳೇ ಆಟಿಕೆಗಳಾಗಬಲ್ಲವು.

ಈಗಾಗಲೇ ಅಭ್ಯಾಸವಾಗಿದ್ದರೆ ಗದರಿಸದೆ, ಮೊದಲು ಊಟದ ವೇಳೆಯ ಪರದೆಯನ್ನು ನಿಲ್ಲಿಸಿ, ಅನಂತರ ಉಳಿದ ವೇಳೆಯನ್ನು ಕ್ರಮೇಣ ಇಳಿಸಬಹುದು. ಮೊದಲ ಕೆಲವು ದಿನ ಮಗು ರಂಪ ಮಾಡುವುದು ಸಹಜ. ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ವಯಸ್ಸಿಗೆ ತಕ್ಕಂತೆ ಮಾತು ಬಾರದ ಮಗುವನ್ನು ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಫೋನು ಬಿಡಿಸಿದರೆ ಸರಿಹೋದೀತೆಂದು ಕಾಯುತ್ತ ಕೂರುವುದು ಅಪಾಯಕರ, ಏಕೆಂದರೆ ಶ್ರವಣದೋಷದಂತಹ ಬೇರೆ ಕಾರಣಗಳೂ ಇರಬಹುದು.

ಈ ಹೊಣೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ತಂದೆ, ಅಜ್ಜ, ಅಜ್ಜಿ ಎಲ್ಲರೂ ಒಂದೇ ನಿಯಮವನ್ನು ಪಾಲಿಸಿದರೆ ಮಾತ್ರ ಅದು ನಿಲ್ಲುತ್ತದೆ. ಹಿರಿಯರು ಸಂಜೆಯ ಒಂದಿಷ್ಟು ಹೊತ್ತು ತಮ್ಮ ಫೋನನ್ನೂ ಬದಿಗಿಟ್ಟು ಮಗುವಿನೊಡನೆ ಮಾತಿಗೆ ಕುಳಿತರೆ, ಅದು ಪರದೆಯನ್ನು ಕೇಳುವ ಸಂದರ್ಭಗಳೇ ಕಡಿಮೆಯಾಗುತ್ತವೆ.