ಒಂದು ಮತದ ಬೆಲೆ

ತುಮಕೂರು ರಸ್ತೆಯ ಅಂಚಿನಲ್ಲಿರುವ ಟಿ. ದಾಸರಹಳ್ಳಿಯು ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಊರು. ನೆರೆಯ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದಂತೆ ಅದೂ ಬೆಳೆಯಿತು. 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿತು. 2008ರ ಚುನಾವಣೆಯ ವೇಳೆಗೆ ಪ್ರತ್ಯೇಕ ವಿಧಾನಸಭಾ ಕ್ಷೇತ್ರವೂ ಆಯಿತು. ಮತದಾನದ ದಿನ ಇಲ್ಲಿನ ಶಾಲೆಗಳ ಮುಂದೆ ನಿಲ್ಲುವ ಸಾಲನ್ನು ನೋಡಬೇಕು. ನಾಡಿನ ಬೇರೆ ಬೇರೆ ಜಿಲ್ಲೆಗಳಿಂದ ಬಂದು ನೆಲೆಸಿದವರು, ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರು, ಊರಿನ ಹಳೆಯ ಒಕ್ಕಲಿನವರು, ಎಲ್ಲರೂ ಒಂದೇ ಸಾಲಿನಲ್ಲಿ ಇರುತ್ತಾರೆ. ಕಾರ್ಖಾನೆಯ ಒಡೆಯನಿಗೂ ಅಲ್ಲಿ ಲೇತ್ ನಡೆಸುವ ಕಾರ್ಮಿಕನಿಗೂ ಒಂದೊಂದೇ ಮತ.

ಹಲವು ಜನಾಂಗ, ಹಲವು ಭಾಷೆಗಳ ನಾಡಿನಲ್ಲಿ ಭ್ರಷ್ಟ ರಾಜಕಾರಣಿಗೆ ಒಂದು ಅನುಕೂಲವುಂಟು. ಸಾವಿರ ಜನರ ಮನಸ್ಸನ್ನು ಒಬ್ಬೊಬ್ಬರಾಗಿ ಗೆಲ್ಲುವುದು ಕಷ್ಟ. ಆ ಸಾವಿರ ಜನರನ್ನು ಒಂದು ಗುಂಪೆಂದು ಎಣಿಸಿ, ಅದರ ಮುಖಂಡನೊಬ್ಬನನ್ನು ಒಲಿಸಿಕೊಳ್ಳುವುದು ಸುಲಭ. ಚಿಲ್ಲರೆಗಿಂತ ಸಗಟು ವ್ಯಾಪಾರ ಅಗ್ಗವಲ್ಲವೆ? "ಅವನು ನಮ್ಮವನು" ಎಂಬ ಒಂದು ಮಾತು, ಅವನು ಮಾಡಿದ ಕೆಲಸವೇನು, ತಿಂದ ಹಣವೆಷ್ಟು ಎಂಬ ಪ್ರಶ್ನೆಗಳನ್ನು ನುಂಗಿಬಿಡುತ್ತದೆ.

ನಮ್ಮ ಕಾನೂನು ಇದನ್ನು ಮೊದಲೇ ಕಂಡುಕೊಂಡಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣವು ಚುನಾವಣೆಯಲ್ಲಿನ ಭ್ರಷ್ಟ ಆಚರಣೆಗಳನ್ನು ಹೇಳುತ್ತದೆ. ಮತಕ್ಕಾಗಿ ಲಂಚ ಕೊಡುವುದು ಭ್ರಷ್ಟ ಆಚರಣೆ. ಲಂಚ ಪಡೆಯುವುದೂ ಭ್ರಷ್ಟ ಆಚರಣೆಯೇ. ಮತದಾರರನ್ನು ಪುಕ್ಕಟೆ ವಾಹನದಲ್ಲಿ ಮತಗಟ್ಟೆಗೆ ಸಾಗಿಸುವುದೂ ಅದರಲ್ಲಿ ಸೇರಿದೆ. ಇವುಗಳ ಜೊತೆಯಲ್ಲಿಯೇ, ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಗಳ ಹೆಸರಿನಲ್ಲಿ ಮತ ಯಾಚಿಸುವುದನ್ನೂ ಕಾಯಿದೆಯು ಇರಿಸಿದೆ. ಹಣದ ಆಮಿಷಕ್ಕೂ ಜಾತಿಯ ಕರೆಗೂ ಒಂದೇ ಪಂಕ್ತಿ! 2017ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು, ಅಭ್ಯರ್ಥಿಯ ಜಾತಿ ಧರ್ಮಗಳಷ್ಟೇ ಅಲ್ಲ, ಮತದಾರನ ಜಾತಿ ಧರ್ಮಗಳ ಹೆಸರಿನಲ್ಲಿ ಕೇಳುವುದೂ ತಪ್ಪೆಂದು ಬಹುಮತದಿಂದ ತೀರ್ಪಿತ್ತಿತು. ಭ್ರಷ್ಟ ಆಚರಣೆ ನಡೆಯಿತೆಂದು ತೋರಿದರೆ, ಸೋತ ಅಭ್ಯರ್ಥಿಯೇ ಅಲ್ಲ, ಆ ಕ್ಷೇತ್ರದ ಸಾಮಾನ್ಯ ಮತದಾರನೂ 45 ದಿನಗಳೊಳಗೆ ಉಚ್ಚ ನ್ಯಾಯಾಲಯದ ಮೊರೆಹೋಗಬಹುದು. ಈ ಹಕ್ಕನ್ನು ಬಲ್ಲವರು ಮಾತ್ರ ವಿರಳ.

ದಾಸರಹಳ್ಳಿಗೆ ಹೊಂದಿಕೊಂಡಿರುವ ಜಾಲಹಳ್ಳಿಯಲ್ಲಿ 2018ರ ಮೇ ತಿಂಗಳಲ್ಲಿ ನಡೆದ ಸಂಗತಿ ನಾಡಿನ ಗಮನ ಸೆಳೆಯಿತು. ವಿಧಾನಸಭೆಯ ಮತದಾನಕ್ಕೆ ಕೆಲವೇ ದಿನಗಳಿದ್ದಾಗ, ಅಲ್ಲಿನ ಮನೆಯೊಂದರಲ್ಲಿ 9,000ಕ್ಕೂ ಹೆಚ್ಚು ಮತದಾರರ ಗುರುತಿನ ಚೀಟಿಗಳು ಸಿಕ್ಕವು. ಮತದಾರನ ಕೈಯಲ್ಲಿರಬೇಕಾದ ಚೀಟಿಗಳು ಒಂದೆಡೆ ರಾಶಿಯಾಗಿ ಬಿದ್ದಿದ್ದವು. ಚುನಾವಣಾ ಆಯೋಗವು ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನು ಮೇ 12ರಿಂದ 28ಕ್ಕೆ ಮುಂದೂಡಿತು. ಹದಿನಾರು ದಿನಗಳ ವಿಳಂಬ ದೊಡ್ಡದೇನಲ್ಲ. ಆದರೆ ಮತದಾರನ ಗುರುತು ಅನ್ಯರ ವಶವಾಗಿರುವಾಗ ಮತ ಪಡೆಯಲಾಗದೆಂಬ ನಿಲುವು ದೊಡ್ಡದು.

ಅದೇ ವಾರ, ಮೇ 9ರಂದು, ಮಲೇಷ್ಯಾ ದೇಶದಲ್ಲಿಯೂ ಚುನಾವಣೆ ನಡೆಯಿತು. ಮಲಯರು, ಚೀನೀಯರು, ಭಾರತೀಯ ಮೂಲದವರು ಕೂಡಿ ಬಾಳುವ ನಾಡು ಅದು. ಅಲ್ಲಿನ ಆಳುವ ಕೂಟದ ಮುಖ್ಯ ಪಕ್ಷಗಳು ಜನಾಂಗಕ್ಕೊಂದರಂತೆ ಕಟ್ಟಲ್ಪಟ್ಟಿದ್ದವು. 1957ರ ಸ್ವಾತಂತ್ರ್ಯದಿಂದ ಅಂದಿನವರೆಗೆ ಕೇಂದ್ರದ ಅಧಿಕಾರವು ಆ ಕೂಟದ ಕೈತಪ್ಪಿರಲಿಲ್ಲ. ಸರಕಾರದ ನಿಧಿಯೊಂದರ ಅಪಾರ ಹಣ ಅಪಹರಣವಾದ ಸುದ್ದಿ ಹಬ್ಬಿದಾಗ, ಬೆಲೆಯೇರಿಕೆಯಿಂದಲೂ ಬೇಸತ್ತಿದ್ದ ಜನರು ಆ ಕೂಟವನ್ನು ಇಳಿಸಿದರು. ಪ್ರಧಾನಿಯಾಗಿದ್ದ ನಜೀಬ್ ರಜಾಕ್ 2020ರಲ್ಲಿ ಅಪರಾಧಿಯೆನಿಸಿ, 2022ರಲ್ಲಿ ಸೆರೆಮನೆ ಸೇರಿದರು. ಆದರೆ ಜನರು ಆರಿಸಿದ ಹೊಸ ಸರಕಾರವೂ ಸದಸ್ಯರ ಪಕ್ಷಾಂತರದಿಂದ 2020ರಲ್ಲಿಯೇ ಉರುಳಿತು. ಪಕ್ಷಾಂತರದ ಕಥೆ ಕನ್ನಡಿಗರಿಗೆ ಹೊಸದಲ್ಲ.

ಗುಂಪಿನಿಂದ ಮತದಾರನನ್ನು ಬಿಡಿಸುವ ಸಾಧನವೆಂದರೆ ಗುಪ್ತ ಮತದಾನ. ಹಣ ಕೊಟ್ಟವನಿಗೆ, ತಾನು ಕೊಂಡ ಮತ ತನಗೇ ಬಿದ್ದಿತೆಂಬ ಖಾತರಿ ಇರಬಾರದು. ಮತಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ ಇರುವುದೂ ಜಾಲಹಳ್ಳಿಯಲ್ಲಿಯೇ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಪ್ರಯೋಗ ಕಂಡ ಈ ಯಂತ್ರ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಿಗೂ ಬಂದಿತು. ಗುಂಡಿ ಒತ್ತಿದವನ ಆಯ್ಕೆ ಹಿಂದೆ ನಿಂತವನಿಗೆ ತಿಳಿಯದು.

ಹೀಗಿದ್ದರೂ ಒಂದು ಕೊರತೆ ಉಳಿಯಿತು. ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರದ ಎಣಿಕೆಯಲ್ಲಾದರೋ ಒಂದೊಂದು ಮತಗಟ್ಟೆಯ ಲೆಕ್ಕವೂ ಬೇರೆಬೇರೆಯಾಗಿ ಹೊರಬರುತ್ತದೆ. ಯಾವ ಬೀದಿ, ಯಾವ ಕಾಲೊನಿ ತನಗೆ ಮತ ನೀಡಲಿಲ್ಲವೆಂಬುದನ್ನು ಗೆದ್ದವನು ಊಹಿಸಬಲ್ಲನು. ಅಲ್ಲಿನ ಚರಂಡಿ, ನೀರಿನ ನಲ್ಲಿಗಳನ್ನು ಮರೆಯಲೂಬಲ್ಲನು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ 'ಟೋಟಲೈಸರ್' ಎಂಬ ಉಪಕರಣವನ್ನು ಬಳಸಬೇಕೆಂದು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಶಿಫಾರಸು ಮಾಡಿತು. ಆ ಸೂಚನೆ ಇನ್ನೂ ಜಾರಿಗೆ ಬಂದಿಲ್ಲ.