ಹಳೆಯ ಜಾವಾದ ಉಸಿರು

ಮೈಸೂರಿನಲ್ಲಿ 1961ರಿಂದ ಮೋಟಾರ್ ಸೈಕಲುಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿಯ 250 ಸಿ.ಸಿ. ಜಾವಾದ ಎಂಜಿನನ್ನು ಮನೆಯಲ್ಲಿಯೇ ಬಿಚ್ಚಿ ಸರಿಪಡಿಸಬೇಕಾದರೆ ನಾವು ಒಂದು ತತ್ತ್ವವನ್ನು ಮೊದಲು ಅರಿಯತಕ್ಕದ್ದು. ಇದು ಟೂ-ಸ್ಟ್ರೋಕ್ ಯಂತ್ರ. ಪಿಸ್ಟನ್ ಮೇಲೇರುವಾಗ ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣವನ್ನು ಕೆಳಗಿನ ಕ್ರ್ಯಾಂಕ್ ಕೋಣೆಯು ಸೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನು ಸಿಲಿಂಡರಿಗೆ ತಳ್ಳುತ್ತದೆ. ಆದುದರಿಂದ ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರಷ್ಟೇ ಸಾಲದು. ಕ್ರ್ಯಾಂಕಿನ ಇಕ್ಕೆಲದ ಆಯಿಲ್ ಸೀಲುಗಳನ್ನೂ ಬದಲಿಸಬೇಕು. ಕ್ಲಚ್ಚಿನ ಕಡೆಯ ಸೀಲು ಸವೆದರೆ ಗೇರ್ ಎಣ್ಣೆಯು ಒಳನುಗ್ಗಿ ದಟ್ಟ ಹೊಗೆಯೇಳುವುದು. ಇನ್ನೊಂದು ಕಡೆಯದು ಸವೆದರೆ ಹೊರಗಾಳಿ ಬೆರೆತು, ಮಿಶ್ರಣವು ತೆಳುವಾಗಿ, ಹೊಸ ಪಿಸ್ಟನ್ ಕೂಡ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಅಗ್ಗದ ಸೀಲನ್ನು ಉಪೇಕ್ಷಿಸಿ ದುಬಾರಿಯ ಪಿಸ್ಟನ್ನನ್ನು ಕಳೆದುಕೊಳ್ಳುವುದು ಜಾಣತನವಲ್ಲ.